ಮಗ ಬಂಡೆ ಮೇಲೆ, ನಾನು ಚಾಕಲೇಟ್ ಹಿಡಿದು ಕೆಳಗೆ

ಪ್ರಶ್ನೆ: ನಮ್ಮದು ಗಂಗಾವತಿ, ನನ್ನ ತವರು ಆನೆಗುಂದಿ ಹತ್ತಿರದ ಹಳ್ಳಿ. ಮಗನಿಗೆ ಎಂಟು ವರ್ಷ, ಮಗಳಿಗೆ ಐದು. ತವರಿಗೆ ಹೋದರೆ ಸಾಕು, ಮಗ ಕಂಡ ಕಂಡ ಬಂಡೆ ಹತ್ತುತ್ತಾನೆ. ನಾನು ಕೆಳಗೆ ನಿಂತು ಕೂಗುತ್ತೇನೆ, ಇಳಿದು ಬಂದರೆ ಚಾಕಲೇಟ್ ಕೊಡ್ತೀನಿ ಅಂತೀನಿ. ಬಿದ್ದು ಅತ್ತರೂ ಚಾಕಲೇಟೇ. ಮಗಳು ಇದಕ್ಕೆ ಉಲ್ಟಾ, ಪಾರ್ಕಿನ ಜಾರುಬಂಡೆ ಹತ್ತಲೂ ಅಳುತ್ತಾಳೆ. ಯಜಮಾನರು "ಗಂಡು ಹುಡುಗ, ಬಿಡು" ಅಂತಾರೆ. ಅತ್ತೆ "ಮನೆಯಲ್ಲಿ ಕೂರಿಸು" ಅಂತಾರೆ. ಮಕ್ಕಳು ಧೈರ್ಯವಾಗಿ ಬೆಳೆಯಬೇಕು, ಆದರೆ ಕೈಕಾಲು ಮುರ್ಕೊಳ್ಳಬಾರದು. ಹಾಗೇ ಅಂಗಡಿ ಚಾಕಲೇಟ್ ಬದಲು ಮನೆಯಲ್ಲೇ ಯಾವ ಸಿಹಿ ಮಾಡಿಡಬಹುದು ಹೇಳಿ ಡಾಕ್ಟರ್ ಮೇಡಂ.

ಉತ್ತರ: ನೀವು ಎರಡು ಪ್ರಶ್ನೆ ಕೇಳಿದ್ದೀರಿ ತಂಗಿ, ನನಗೆ ಒಂದೇ ಕಾಣ್ತಿದೆ. ನಿಮ್ಮ ಮನೆಯಲ್ಲಿ ಚಾಕಲೇಟ್ ತಿನ್ನುವ ಸಾಮಾನಾಗಿ ಉಳಿದಿಲ್ಲ. ಇಳಿದು ಬಾ ಅನ್ನೋದಕ್ಕೆ ಅದು ಲಂಚ, ಅಳಬೇಡ ಅನ್ನೋದಕ್ಕೆ ಮುಲಾಮು. ಅದನ್ನು ತೆಗೆದು ಅದೇ ಜಾಗಕ್ಕೆ ಶೇಂಗಾ ಉಂಡೆ ಇಟ್ಟರೆ ಏನೂ ಬದಲಾಗಲ್ಲ. ಆದ್ದರಿಂದ ಮೊದಲು ಬಂಡೆ ವಿಷಯ ಮುಗಿಸೋಣ, ಆಮೇಲೆ ಅಡುಗೆಮನೆಗೆ ಬರ್ತೀನಿ.

ನಿಮ್ಮ ಮಗನಿಗೆ ಏನೂ ಆಗಿಲ್ಲ. ಎಂಟು ವರ್ಷದ ಮಗು ಬಂಡೆ ಕಂಡರೆ ಹತ್ತಲೇಬೇಕು. ನಾರ್ವೆಯ ಎಲೆನ್ ಸ್ಯಾಂಡ್‌ಸೆಟರ್ ಅನ್ನುವ ಸಂಶೋಧಕಿ ಮಕ್ಕಳ ಇಂಥ ಆಟಗಳನ್ನು ನೋಡಿ ನೋಡಿ 2007ರಲ್ಲಿ ಆರು ಬಗೆ ಮಾಡಿದರು. ಎತ್ತರ, ವೇಗ, ಹರಿತವಾದ ಸಾಮಾನು, ಬೆಂಕಿ ನೀರಿನಂಥವುಗಳ ಹತ್ತಿರ ಆಡುವುದು, ಕುಸ್ತಿ ಜಗ್ಗಾಟ, ಮತ್ತೆ ದೊಡ್ಡವರ ಕಣ್ಣಿಂದ ದೂರ ಒಬ್ಬರೇ ಹೋಗುವುದು. ಓದಿದರೆ ನಗು ಬರುತ್ತೆ, ನಮ್ಮ ಊರಿನ ಯಾವ ಅಜ್ಜಿಯನ್ನು ಕೇಳಿದರೂ ಈ ಆರನ್ನೂ ಬೈಗುಳದ ಸಮೇತ ಹೇಳ್ತಿದ್ದರು. ಆದರೆ ಅದನ್ನು ತಂಟೆ ಅನ್ನದೆ, ಮಗು ತನ್ನ ಭಯವನ್ನು ತಾನೇ ಅಳೆದು ನೋಡುವ ಆಟ ಅಂತ ನೋಡಿದರಲ್ಲ, ಅದು ದೊಡ್ಡದು. ಕೆನಡಾದ ಮಕ್ಕಳ ವೈದ್ಯರ ಸಂಘ ಕೂಡ 2024ರಲ್ಲಿ, ಹೊರಗಿನ ಇಂಥ ಆಟದಿಂದ ಆಗುವ ಒಳ್ಳೆಯದನ್ನು ತಂದೆತಾಯಿಗೆ ಹೇಳಿ ಅಂತ ವೈದ್ಯರಿಗೆ ತಿಳಿಸಿತು.

ಹಾಗಂತ ನಿಮ್ಮ ಯಜಮಾನರ "ಬಿಡು" ಕೂಡ ಉತ್ತರವಲ್ಲ. "ಗಂಡು ಹುಡುಗ" ಅನ್ನೋದಂತೂ ಬೇಡವೇ ಬೇಡ. ಮಗಳು ಅದನ್ನು ಕೇಳಿಸಿಕೊಳ್ತಿದ್ದಾಳೆ, ಇದು ನನ್ನ ಕೆಲಸ ಅಲ್ಲ ಅಂತ ಅವಳು ಆಗಲೇ ತೀರ್ಮಾನ ಮಾಡಿರಬಹುದು.

ನಾನು ನೋಡುವುದು ಇಷ್ಟು. ಆ ಅಪಾಯ ಮಗುವಿನ ಕಣ್ಣಿಗೆ ಕಾಣುತ್ತಾ, ಇಲ್ವಾ? ಬಂಡೆಯ ಅಂಚು ಕಾಣುತ್ತೆ. ಕೆಳಗೆ ಎಷ್ಟು ಆಳ ಅಂತ ಗೊತ್ತಾಗುತ್ತೆ. ಹೊಟ್ಟೆಯಲ್ಲಿ ಒಂಥರಾ ಆಗಿ ಕಾಲು ತಾನೇ ನಿಲ್ಲುತ್ತೆ. ಅಲ್ಲಿ ಮಗುವಿಗೆ ಬಿಡಬಹುದು. ಆದರೆ ತುಂಗಭದ್ರಾ ಎಡದಂಡೆ ಕಾಲುವೆ ಇದೆಯಲ್ಲ, ನೀರು ಮೇಲೆ ಸುಮ್ನೆ ಹೋಗುತ್ತಿರುವ ಹಾಗೆ ಕಾಣುತ್ತೆ, ಕೆಳಗಿನ ಸೆಳೆತ ಕಾಣಲ್ಲ, ಇಳಿಜಾರು ಗೋಡೆಗೆ ಪಾಚಿ ಕಟ್ಟಿರುತ್ತೆ, ಒಮ್ಮೆ ಜಾರಿದರೆ ಈಜು ಬರುವ ದೊಡ್ಡವರೂ ಮೇಲೆ ಹತ್ತಿ ಬರೋದು ಕಷ್ಟ. ಅಲ್ಲಿ ಮಗುವಿನ ಬುದ್ಧಿಗೆ ಬಿಡುವಂಥದ್ದು ಏನೂ ಇಲ್ಲ. ಕಾಲುವೆ ದಂಡೆ, ಸಾಣಾಪುರ ಕೆರೆ, ಹೊಳೆಯ ಬಂಡೆಗಳ ನಡುವಿನ ಮಡು, ಈ ಮೂರಕ್ಕೆ ನನ್ನ ಹತ್ತಿರ ಚರ್ಚೆ ಇಲ್ಲ, ಇಲ್ಲ ಅಂದರೆ ಇಲ್ಲ. ಜಲಾಶಯದಿಂದ ನೀರು ಬಿಟ್ಟರೆ ಹೊಳೆಯ ಮಟ್ಟ ಏರುತ್ತೆ, ಮೊಸಳೆಯೂ ಉಂಟು. ತೆಪ್ಪದಲ್ಲಿ ಕೂರಿಸಿದರೆ ಮಗುವಿನ ಅಳತೆಯ ಲೈಫ್ ಜಾಕೆಟ್ ಕೇಳಿ ಹಾಕಿಸಿ. ದೊಡ್ಡವರದ್ದು ಹಾಕಿದರೆ ನೀರಿಗೆ ಬಿದ್ದಾಗ ಅದು ಮೇಲೆ ಉಳಿಯುತ್ತೆ, ಮಗು ಕೆಳಗೆ ಜಾರುತ್ತೆ. ಇಬ್ಬರಿಗೂ ಈಜು ಕಲಿಸಿ, ಕಲಿಸುವವರು ಇರುವ ಕೊಳದಲ್ಲಿ. ಕಲಿತ ಮೇಲೂ ಕಾಲುವೆಗೆ ಬಿಡಬೇಡಿ.

ಈಗ ಬಂಡೆ. ಒಂದು ನಿಯಮ ಬಾಯಿಪಾಠ ಮಾಡಿಸಿ: ನಾನೇ ಇಳಿಯಲು ಆಗುವಷ್ಟೇ ಹತ್ತುತ್ತೇನೆ. ಹತ್ತುವಾಗ ಕಣ್ಣು ಮೇಲಿರುತ್ತೆ, ಕೈಗೆ ಹಿಡಿತ ಕಾಣುತ್ತೆ, ಉತ್ಸಾಹದಲ್ಲಿ ಏರಿಬಿಡ್ತಾರೆ. ಇಳಿಯುವಾಗ ಕಾಲಿಡುವ ಜಾಗ ಕಾಣಲ್ಲ, ಅಲ್ಲೇ ಸಿಕ್ಕಿಹಾಕಿಕೊಳ್ಳೋದು. ಅದಕ್ಕೇ ಮಂಡಿಯೆತ್ತರದ ಕಲ್ಲಿನಿಂದ ಇಳಿಯೋದನ್ನು ಮೊದಲು ಕಲಿಸಿ. ಮುಖ ಬಂಡೆ ಕಡೆ, ಹೊಟ್ಟೆ ಬಂಡೆಗೆ ಹತ್ತಿರ, ಒಂದು ಕಾಲು ಗಟ್ಟಿಯಾಗಿ ಊರಿದ ಮೇಲೆ ಇನ್ನೊಂದು. ಇನ್ನೊಂದು ಮಾತು, ನೀವಾಗಲಿ ಮಾವನಾಗಲಿ ಮಗುವನ್ನು ಎತ್ತಿ ಬಂಡೆ ಮೇಲೆ ಕೂರಿಸಬೇಡಿ, ಫೋಟೊಗಂತೂ ಕೂಡದು. ತಾನೇ ಹತ್ತಲಾಗದ ಎತ್ತರದಲ್ಲಿ ಮಗು ಕೂತಿದೆ ಅಂದರೆ ಅದು ನಿಮ್ಮ ಲೆಕ್ಕಾಚಾರದಲ್ಲಿ ಕೂತಿದೆ, ತನ್ನದರಲ್ಲಿ ಅಲ್ಲ.

ನಮ್ಮ ಕಡೆಯ ಗ್ರಾನೈಟ್ ಒಣಗಿದ್ದಾಗ ಒಳ್ಳೆ ಹಿಡಿತ ಕೊಡುತ್ತೆ, ಮಳೆಗಾಲದಲ್ಲಿ ಪಾಚಿ ಕಟ್ಟಿದಾಗ ಅದೇ ಬಂಡೆ ಹತ್ತಬಾರದು. ಹವಾಯಿ ಚಪ್ಪಲಿ ಬೇಡ, ರಬ್ಬರ್ ತಳದ ಬೂಟು ಇರಲಿ. ಏಪ್ರಿಲ್ ಮೇನಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ಬಂಡೆ ಸಂಜೆಯಾದರೂ ಕಾವು ಬಿಡಲ್ಲ. ಹೊರಡೋದಾದರೆ ಬೆಳಿಗ್ಗೆ ಚೆನ್ನಾಗಿ ಬೆಳಕಾದ ಮೇಲೆ ಹೊರಟು, ಬಿಸಿಲು ಏರುವ ಮುಂಚೆ ವಾಪಸ್. ಕತ್ತಲಲ್ಲಿ ಹೋಗಬೇಡಿ, ಆ ಗುಡ್ಡಗಳಲ್ಲಿ ಚಿರತೆ ಕರಡಿ ಇವೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕಣ್ಣಿಗೆ ಕಾಣದ ಸಂದಿಗೆ ಕೈ ಹಾಕಬಾರದು ಅನ್ನೋದನ್ನೂ ಹೇಳಿಕೊಡಿ, ಕೊಳಕುಮಂಡಲ ಮತ್ತು ಕೆಂಪು ಚೇಳು ಇರೋದೇ ಅಲ್ಲಿ. ಹಾವು ಕಚ್ಚಿದರೆ ಕಟ್ಟು ಕಟ್ಟಬೇಡಿ, ಕೊಯ್ಯಬೇಡಿ, ಆ ಕೈಕಾಲು ಅಲ್ಲಾಡಿಸದೆ ಸೀದಾ ಆಸ್ಪತ್ರೆಗೆ ಬನ್ನಿ, 108ಕ್ಕೆ ಫೋನ್ ಮಾಡಿ. ಚೇಳು ಕಡಿದಾಗಲೂ ಹಾಗೇ. ಮಗು ಬೆವರಿ ಕೈಕಾಲು ತಣ್ಣಗಾಯಿತು ಅಂದರೆ ವಿಷ ಹೃದಯದ ಮೇಲೆ ಕೆಲಸ ಮಾಡುತ್ತಿದೆ ಅಂತ, ಮಂತ್ರ ಹಾಕಿಸುತ್ತಾ ಕೂರಬೇಡಿ.

ಇನ್ನು ಕೆಳಗೆ ನಿಂತು ಕೂಗುವ ವಿಷಯ. "ಹುಷಾರು", "ಬೀಳ್ತೀಯಾ", "ನಿನ್ನ ಅಪ್ಪನಿಗೆ ಹೇಳ್ತೀನಿ ತಾಳು", ಇದರಲ್ಲಿ ಯಾವುದರಿಂದಲೂ ಮಗುವಿಗೆ ಕಾಲೆಲ್ಲಿ ಇಡಬೇಕು ಅಂತ ಗೊತ್ತಾಗಲ್ಲ. ಅವನು ಬಂಡೆ ಬಿಟ್ಟು ನಿಮ್ಮ ಕಡೆ ತಿರುಗಿ ನೋಡ್ತಾನೆ, ಆಗಲೇ ಜಾರೋದು. ಅದರ ಬದಲು ಹತ್ತಿರ ಹೋಗಿ ಮೆಲ್ಲಗೆ ಕೇಳಿ. "ಎಡಗಾಲು ಎಲ್ಲಿಡ್ತೀಯಾ?" "ಆ ಕಲ್ಲು ಅಲ್ಲಾಡುತ್ತಾ ನೋಡು." "ಇಳಿಯೋ ದಾರಿ ಯಾವುದು?" ಉತ್ತರ ಹೇಳೋಕೆ ಅವನು ನೋಡಲೇಬೇಕು. ನಿಮ್ಮ ಎದೆ ಢವಢವ ಅಂತಿದ್ದರೆ ಇರಲಿ, ದನಿಯಲ್ಲಿ ಬರದಿದ್ದರೆ ಸಾಕು.

ಬಂಡೆ ಹತ್ತೋದಷ್ಟೇ ಸಾಹಸ ಅಂದುಕೊಂಡಿದ್ದಾನೆ ಅವನು, ಅದನ್ನೂ ಸ್ವಲ್ಪ ಹಿಗ್ಗಿಸಿ. ಚಳಿಗಾಲದಲ್ಲಿ ಒಂದು ಭಾನುವಾರ ಹಿರೇಬೆಣಕಲ್ಲಿಗೆ ಕರೆದುಕೊಂಡು ಹೋಗಿ. ಮೋರ್ಯರ ಗುಡ್ಡದ ಮೇಲೆ ನೂರಾರು ಕಬ್ಬಿಣಯುಗದ ಕಲ್ಮನೆಗಳಿವೆ, ಸತ್ತವರಿಗಾಗಿ ಚಪ್ಪಡಿ ನಿಲ್ಲಿಸಿ ಕಟ್ಟಿದವು, ಎರಡು ಸಾವಿರ ವರ್ಷಕ್ಕೂ ಹಳೆಯವು, 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿವೆ. ಕೆಲವು ಕಲ್ಮನೆಗಳ ಚಪ್ಪಡಿಯಲ್ಲಿ ದುಂಡನೆಯ ತೂತಿದೆ, ಯಾಕಿರಬಹುದು ಅಂತ ಮಕ್ಕಳು ದಾರಿಯುದ್ದಕ್ಕೂ ತಲೆ ತಿಂತಾರೆ. ಮೇಲೆ ಕುಡಿಯುವ ನೀರು ಸಿಗಲ್ಲ, ನೆರಳೂ ಕಡಿಮೆ, ಹೊತ್ತುಕೊಂಡೇ ಹೋಗಬೇಕು. ದಾರಿ ಗೊತ್ತಿರುವ ಊರಿನವರೊಬ್ಬರು ಜೊತೆಗಿರಲಿ, ಆದರೆ ಇಳಿಯುವಾಗ ಮುಂದೆ ನಡೆಯುವ ಕೆಲಸ ಮಗನದು. ಬಂದ ದಾರಿ ನೆನಪಿಟ್ಟುಕೊಳ್ಳೋದು, ತಂಗಿ ಹಿಂದೆ ಉಳಿದಳಾ ಅಂತ ತಿರುಗಿ ನೋಡೋದು, ಎಲ್ಲಾ ಅವನ ತಲೆಗೆ ಬರಲಿ. ಓಡೋ ಹುಡುಗ ಹೇಗೆ ನಿಧಾನ ಆಗ್ತಾನೆ ನೋಡಿ.

ಮಗಳ ವಿಷಯದಲ್ಲಿ ಅವಸರ ಬೇಡ. ಜಾರುಬಂಡೆ ಮೇಲೆ ಕೂರಿಸಿ ತಳ್ಳಿಬಿಟ್ಟರೆ ಭಯ ಹೋಗುತ್ತೆ ಅಂತಾರೆ ಕೆಲವರು. ಹೋಗಲ್ಲ, ತಳ್ಳಿದವರ ಮೇಲಿನ ನಂಬಿಕೆ ಹೋಗುತ್ತೆ. ಅವಳು ಮೊದಲ ಮೆಟ್ಟಿಲಲ್ಲಿ ನಿಂತು ವಾಪಸ್ ಬಂದರೆ ಅಷ್ಟೇ ಸಾಕು ಇವತ್ತಿಗೆ. "ಅಣ್ಣನ್ನ ನೋಡು" ಅನ್ನಬೇಡಿ. ಅಂಜನಾದ್ರಿಯ ಸುಮಾರು 575 ಮೆಟ್ಟಿಲಲ್ಲಿ ಎಲ್ಲಿಗೆ ಸಾಕು ಅನಿಸುತ್ತೋ ಅಲ್ಲಿ ಕೂತು ಇಳಿದು ಬನ್ನಿ, ಹನುಮಪ್ಪ ಬೇಜಾರು ಮಾಡ್ಕೊಳ್ಳಲ್ಲ. (ತಿಂಡಿ ಡಬ್ಬಿ ಕೈಯಲ್ಲಿ ಹಿಡೀಬೇಡಿ, ಕೋತಿ ಕಿತ್ಕೊಳ್ತವೆ. ಪರಚಿದರೆ ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಲ್ಲಿ ತೊಳೆದು ಅವತ್ತೇ ರೇಬೀಸ್ ಲಸಿಕೆಗೆ ಹೋಗಿ.)

ಮತ್ತೆ, ಎತ್ತರಕ್ಕೆ ಹೆದರುವ ಮಗು ಎಲ್ಲದಕ್ಕೂ ಹೆದರುತ್ತೆ ಅಂತಲ್ಲ. ಆ ಆರು ಬಗೆ ಇನ್ನೊಮ್ಮೆ ನೋಡಿ. ಹರಿತವಾದ ಸಾಮಾನು, ಬೆಂಕಿ, ಒಬ್ಬರೇ ಹೋಗುವುದು, ಇವೆಲ್ಲ ಇರೋದು ನಿಮ್ಮ ಅಡುಗೆಮನೆಯಲ್ಲಿ, ನಿಮ್ಮ ಓಣಿಯಲ್ಲಿ. ಎಂಟು ವರ್ಷದವನ ಕೈಗೆ ದುಡ್ಡು ಕೊಟ್ಟು ಓಣಿಯ ಕಿರಾಣಿ ಅಂಗಡಿಯಿಂದ ಅರ್ಧ ಕೆಜಿ ಬೆಲ್ಲ ತರಲು ಕಳಿಸಿ. ದೊಡ್ಡ ರಸ್ತೆ ದಾಟುವ ಹಾಗಿರಬಾರದು, ಅಷ್ಟು ನೋಡಿಕೊಳ್ಳಿ. ಬೆಲ್ಲ ತೀರಾ ಹಳದಿ ಹಳದಿ ಹೊಳೆಯೋದು ಬೇಡ, ಅದಕ್ಕೆ ಬಣ್ಣ ತಿಳಿಯಾಗಲಿ ಅಂತ ರಾಸಾಯನಿಕ ಹಾಕಿರಬಹುದು, ಕಂದು ಬಣ್ಣದ್ದು ಕೇಳಿ ತಾ ಅಂತ ಹೇಳಿ ಕಳಿಸಿ. ಅಂಗಡಿಯವರ ಹತ್ತಿರ ಮಾತಾಡಿ, ಆರಿಸಿ, ಚಿಲ್ಲರೆ ಎಣಿಸಿ ಬರೋದು ಅವನಿಗೆ ಬಂಡೆಗಿಂತ ಜಾಸ್ತಿ ಎದೆ ಬಡಿಯುವ ಕೆಲಸ ಆಗಿರಬಹುದು. ಮಗಳು ಮನೆಯಲ್ಲಿ ನಿಮ್ಮ ಪಕ್ಕ ಕೂತು ಕೊಬ್ಬರಿ ತುರಿಯಲಿ. ಬೆರಳ ತುದಿ ಸ್ವಲ್ಪ ತರಚೀತು, ತರಚಲಿ.

ಸಿಹಿಗೆ ಬಂದೆವು. ಮಾದಲಿ ಮಾಡಿ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ದಾಸೋಹಕ್ಕೆ ಕೂತವರಿಗೆ ಇದರ ರುಚಿ ಹೇಳಬೇಕಾಗಿಲ್ಲ. ಮಕ್ಕಳ ಜೊತೆ ಮಾಡಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ, ಯಾಕಂದರೆ ಪಾಕ ಇಲ್ಲ, ಕರಿಯೋದಿಲ್ಲ, ಒಡೆಯೋದು ಪುಡಿ ಮಾಡೋದೇ ಕೆಲಸ. ಎರಡು ಬಟ್ಟಲು ಗೋಧಿ ಹಿಟ್ಟು ತಗೊಳ್ಳಿ, ತರಿತರಿಯಾಗಿ ಬೀಸಿಸಿದ್ದಾದರೆ ಒಳ್ಳೆಯದು, ನುಣ್ಣಗಿದ್ದರೆ ಒಂದು ಹಿಡಿ ರವೆ ಸೇರಿಸಿ. ಪೂರಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ದಪ್ಪ ಚಪಾತಿ ಲಟ್ಟಿಸಿ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಕೆಂಪಗೆ ಬೇಯಿಸಿ. ಇಲ್ಲಿ ಅವಸರ ಮಾಡಿದರೆ ಕೆಟ್ಟಿತು, ಮೇಲೆ ಕೆಂಪಾಗಿ ಒಳಗೆ ಹಸಿ ಉಳಿದರೆ ಮಾದಲಿ ಮೂರನೇ ದಿನಕ್ಕೆ ಬೂಸ್ಟು ಹಿಡಿಯುತ್ತೆ. ಹಾಗಾಗಿ ಬೆಂದ ಚಪಾತಿಯನ್ನು ಮುರಿದು ಮತ್ತೊಮ್ಮೆ ಹಂಚಿಗೆ ಹಾಕಿ, ಚೂರು ಕೈಯಲ್ಲಿ ಹಿಡಿದರೆ ಪಟ್ ಅಂತ ಮುರಿಯಬೇಕು, ಬಾಗಬಾರದು. ಪಟ್ ಅನ್ನುತ್ತಾ ಇಲ್ವಾ ಅಂತ ಕೇಳಿಸಿಕೊಂಡು ಹೇಳುವ ಕೆಲಸ ಮಗಳಿಗೆ. ಆರಿದ ಮೇಲೆ ಇಬ್ಬರೂ ಸೇರಿ ಚೂರು ಮಾಡಲಿ, ಒರಳು ಇದ್ದರೆ ಕುಟ್ಟಲಿ, ಇಲ್ಲದಿದ್ದರೆ ಮಿಕ್ಸಿಯಲ್ಲಿ ಒಂದೆರಡು ಸುತ್ತು, ಜರಡಿ ಹಿಡಿದು ದಪ್ಪ ಉಳಿದದ್ದನ್ನು ಮತ್ತೆ ಹಾಕಿ. ಇದಕ್ಕೆ ಒಂದು ಬಟ್ಟಲು ಪುಡಿ ಬೆಲ್ಲ, ಒಂದು ಹಿಡಿ ಪುಟಾಣಿ, ಒಣ ಕೊಬ್ಬರಿ ತುರಿ, ಹುರಿದ ಗಸಗಸೆ, ಏಲಕ್ಕಿ, ಚಿಟಿಕೆ ಒಣ ಶುಂಠಿ. ಕೈಯಲ್ಲೇ ಕಲಸಬೇಕು, ಬೆಲ್ಲದ ಗಂಟು ಬೆರಳಿಗೆ ಸಿಗುತ್ತೆ. ಒಣ ಡಬ್ಬಿಯಲ್ಲಿ ಒಂದು ವಾರ ಇರುತ್ತೆ. ಮನೆಯಲ್ಲಿ ಬಿಸಿ ಹಾಲು ತುಪ್ಪ ಹಾಕಿಕೊಂಡು, ಗುಡ್ಡಕ್ಕೆ ಹೋದಾಗ ಒಣದೇ.

ದಿಢೀರ್ ಬೇಕು ಅಂದ ದಿನ ಸಜ್ಜಕ. ರವೆ ತುಪ್ಪದಲ್ಲಿ ಘಮ್ಮೆನ್ನುವಂತೆ ಹುರಿದು, ಒಂದಕ್ಕೆ ಮೂರು ಬಿಸಿನೀರು ಹಾಕಿ, ಬೆಂದ ಮೇಲೆ ಬೆಲ್ಲ. ಅಷ್ಟೇ. ಮಳೆ ಹಿಡಿದ ಸಂಜೆ, ಮಗು ಒದ್ದೆಯಾಗಿ ಬಂದಾಗ ಇದರಷ್ಟು ಹಿತ ಯಾವುದೂ ಇಲ್ಲ. ಭಾನುವಾರ ಬಿಡುವಿದ್ದರೆ ಗೋಧಿ ಹುಗ್ಗಿ ಮಾಡಿ, ರಾತ್ರಿ ನೆನೆಸಿದ ಹುಗ್ಗಿ ಗೋಧಿಯನ್ನು ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ ಬೆಲ್ಲ ಕೊಬ್ಬರಿ ಹಾಕಿ ಕುದಿಸಿದರೆ ಆಯ್ತು. ಹಾಲನ್ನು ಮಾತ್ರ ಒಲೆಯ ಮೇಲೆ ಹಾಕಬೇಡಿ, ಬೆಲ್ಲದ ಹುಳಿಗೆ ಒಡೆಯುತ್ತೆ, ತಟ್ಟೆಗೆ ಬಡಿಸಿದ ಮೇಲೆ ಹಾಕಿ. ಬೇಸಿಗೆಯಲ್ಲಿ ಇವ್ಯಾವೂ ಬೇಡ, ಮಾವಿನ ಹಣ್ಣಿನ ಸೀಕರಣೆ, ಬೇಲದ ಹಣ್ಣಿನ ಪಾನಕ ಸಾಕು.

ಶೇಂಗಾ ಉಂಡೆಯನ್ನು ಪಾಕವಿಲ್ಲದೆ ಮಾಡಿ. ಹುರಿದು ಸಿಪ್ಪೆ ತೆಗೆದ ಶೇಂಗಾ ಎರಡು ಪಾಲು, ಬೆಲ್ಲ ಒಂದು ಪಾಲು, ಮಿಕ್ಸಿಯಲ್ಲಿ ತಿರುವಿದರೆ ಎಣ್ಣೆ ಬಿಟ್ಟುಕೊಂಡು ತಾನೇ ಉಂಡೆ ಕಟ್ಟಲು ಬರುತ್ತೆ. ಬೆಲ್ಲದ ಪಾಕದ ಹತ್ತಿರ ಈ ವಯಸ್ಸಿನ ಮಕ್ಕಳು ಬೇಡ. ಕುದಿಯುವ ನೀರಿಗಿಂತ ಬಿಸಿ ಇರುತ್ತೆ, ಚರ್ಮಕ್ಕೆ ಅಂಟಿಕೊಂಡು ಕೂರುತ್ತೆ. ಬಂಡೆಗೆ ಹೆದರುವ ಅಮ್ಮಂದಿರು ಪಾಕದ ಬಾಣಲೆ ಪಕ್ಕ ಮಗುವನ್ನು ಕಟ್ಟೆ ಮೇಲೆ ಕೂರಿಸಿಕೊಂಡಿರ್ತಾರೆ, ನನಗೆ ಇದು ಅರ್ಥವೇ ಆಗಲ್ಲ. ಸುಟ್ಟರೆ ಇಪ್ಪತ್ತು ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ. ಪೇಸ್ಟು, ಐಸು ಬೇಡ. ಇಡೀ ಶೇಂಗಾ ಬೀಜವನ್ನು ಐದು ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ, ಶ್ವಾಸನಾಳಕ್ಕೆ ಹೋಗುತ್ತೆ. ಪುಡಿ ಮಾಡಿದ್ದು ಆಗಬಹುದು.

ಮನೆಯದು ಅಂತ ಲೆಕ್ಕ ಬಿಡಬೇಡಿ. ಬೆಲ್ಲವೂ ಸಕ್ಕರೆಯೇ, ಹಲ್ಲಿಗೆ ಎರಡೂ ಒಂದೇ. ದಿನದ ಕ್ಯಾಲೊರಿಯಲ್ಲಿ ಇಂಥ ಸಿಹಿಯ ಪಾಲು ನೂರಕ್ಕೆ ಹತ್ತು ದಾಟಬಾರದು, ಐದಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಮ ಮಗನಿಗೆ ದಿನಕ್ಕೆ 1,500 ಕ್ಯಾಲೊರಿ ಅಂತ ಹಿಡಿದರೂ 35 ಗ್ರಾಂ ಚಿಲ್ಲರೆ ಆಯ್ತು, ಬೆಳಗಿನ ಬೂಸ್ಟು ಹಾರ್ಲಿಕ್ಸು ಬಿಸ್ಕತ್ತು ಎಲ್ಲಾ ಸೇರಿ. ಅವನ್ನು ಬಿಡಿಸಿದರೆ ಮಾದಲಿಗೆ ಜಾಗ ಆಗುತ್ತೆ.

ಕೊಡೋದು ಯಾವಾಗ? ಹೊತ್ತಿಗೆ. ಸಂಜೆ ಆಟ ಮುಗಿಸಿ ಕೈಕಾಲು ತೊಳೆದು ಬಂದಾಗ, ಇಬ್ಬರಿಗೂ ಒಂದೇ ಅಳತೆಯ ಬಟ್ಟಲು. ಬಂಡೆ ಹತ್ತಿದವನಿಗೂ ಅಷ್ಟೇ, ಮೊದಲ ಮೆಟ್ಟಿಲಿಂದ ವಾಪಸ್ ಬಂದವಳಿಗೂ ಅಷ್ಟೇ. ಹತ್ತಿದರೆ ಉಂಡೆ ಅಂದರೆ ಅವನು ಉಂಡೆಗಾಗಿ ತನಗಾಗದ ಎತ್ತರ ಹತ್ತುತ್ತಾನೆ. ಇಳಿದರೆ ಉಂಡೆ ಅಂದರೆ ಹತ್ತೋದನ್ನೇ ವ್ಯಾಪಾರ ಮಾಡ್ಕೊಳ್ತಾನೆ, ಈಗ ಆಗಿರೋದು ಅದೇ ಅಲ್ವಾ?

ಬಿದ್ದು ಬಂದಾಗ ಮೊದಲು ಹತ್ತಿರ ಕೂರಿಸಿಕೊಳ್ಳಿ. ಗಾಯ ಸೋಪು ನೀರಲ್ಲಿ ತೊಳೆಯಿರಿ, ಅಳಲಿ ಬಿಡಿ, ಹೇಗಾಯ್ತು ಅಂತ ಅವನ ಬಾಯಲ್ಲೇ ಕೇಳಿ. ಹೇಳ್ತಾ ಹೇಳ್ತಾ ಅಳು ತಾನೇ ನಿಲ್ಲುತ್ತೆ, ಆಮೇಲೆ ಹಸಿವಾಗುತ್ತೆ, ಆಗ ತಿನ್ನಲಿ. ಬಾಯಿಗೆ ಸಿಹಿ ತುರುಕಿ ಅಳು ಮುಚ್ಚಿಸಬೇಡಿ. ಇದಕ್ಕೆ ವೈದ್ಯಕೀಯ ಕಾರಣವೂ ಇದೆ. ತಲೆಗೆ ಪೆಟ್ಟಾಗಿದ್ದರೆ, ಕೈ ಸೊಟ್ಟಗಾಗಿದ್ದರೆ ಏನೂ ತಿನ್ನಿಸಕೂಡದು, ಮೂಳೆ ಕೂರಿಸಲು ಅರಿವಳಿಕೆ ಕೊಡಬೇಕಾದರೆ ಹೊಟ್ಟೆ ಖಾಲಿ ಇರಬೇಕು. ತಲೆಗೆ ಪೆಟ್ಟಾದ ಮಗು ಎಚ್ಚರ ತಪ್ಪಿತು, ಒಂದಕ್ಕಿಂತ ಹೆಚ್ಚು ಸಲ ವಾಂತಿ ಮಾಡಿತು, ತೂಕಡಿಸುತ್ತಿದೆ, ಫಿಟ್ಸ್ ಬಂತು ಅಂದರೆ ಕಾಯಬೇಡಿ, ಆ ಕ್ಷಣಕ್ಕೆ ಹೊರಡಿ.

ಅತ್ತೆಯವರನ್ನು ಎದುರು ಹಾಕ್ಕೊಳ್ಳಬೇಡಿ. ಮಾದಲಿ ನನಗಿಂತ, ನಿಮಗಿಂತ ಅವರಿಗೇ ಚೆನ್ನಾಗಿ ಬರುತ್ತೆ, ಹಂಚಿನ ಮುಂದೆ ಅವರನ್ನೇ ಕೂರಿಸಿ. ಮಕ್ಕಳು ಕೆಲಸ ಮಾಡೋದನ್ನು ಕಣ್ಣಾರೆ ನೋಡಿದ ಅಜ್ಜಿಗೆ ಅವರ ಕೈಕಾಲಿನ ಮೇಲೆ ನಿಧಾನಕ್ಕೆ ನಂಬಿಕೆ ಬರುತ್ತೆ.

ಮುಂದಿನ ಸಲ ತವರಿಗೆ ಹೊರಡುವ ಮುಂಚೆ ತಾಯಿ ಕಾರ್ಡ್ (ಮಕ್ಕಳ ಲಸಿಕೆ ಬರೆದಿಡುವ ಕಾರ್ಡು) ತೆಗೆದು ನೋಡಿ. ಮಗಳಿಗೆ ಐದು ವರ್ಷದ ಡಿಪಿಟಿ ಬೂಸ್ಟರ್ ಈಗಲೇ ಆಗಬೇಕು, ಧನುರ್ವಾಯುವಿಗೂ ಅದೇ ರಕ್ಷಣೆ. ಮಗನಿಗೆ ಅದು ಆಗಿದ್ದರೆ ಮುಂದಿನದು ಹತ್ತನೇ ವರ್ಷಕ್ಕೆ, ಆಗಿಲ್ಲದಿದ್ದರೆ ಇಬ್ಬರನ್ನೂ ಒಟ್ಟಿಗೆ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಸೂಜಿ ಹಾಕಿಸುವಾಗ ನೋವಾಗುತ್ತೆ ಅಂತ ಮೊದಲೇ ಹೇಳಿಬಿಡಿ.